ಹಿಡಿದು ಬಿಡದ ಬ್ರೇಕು: ದೋಷನಿರ್ಣಯದ ಕ್ರಮ

ಹಿಡಿಯದ ಬ್ರೇಕಿನ ಅಪಾಯವನ್ನು ಎಲ್ಲರೂ ಬಲ್ಲರು. ಹಿಡಿದ ಮೇಲೆ ಬಿಡದಿರುವ ಬ್ರೇಕೂ ಅಷ್ಟೇ ಅಪಾಯಕರವೆಂಬುದು ಅಷ್ಟಾಗಿ ತಿಳಿದಿಲ್ಲ. ಚಾಲಕನು ಪೆಡಲಿನಿಂದ ಕಾಲನ್ನು ತೆಗೆದ ಬಳಿಕವೂ ಚಕ್ರದ ಮೇಲೆ ಹಿಡಿತ ಉಳಿದರೆ ಕಾರು ಭಾರವಾಗಿ ಓಡುತ್ತದೆ. ಇಂಧನವು ಹೆಚ್ಚು ವ್ಯಯವಾಗುತ್ತದೆ. ಸುಟ್ಟ ವಾಸನೆ ಹೊಮ್ಮುತ್ತದೆ. ಕೊನೆಗೆ, ಬೇಕಾದ ಗಳಿಗೆಯಲ್ಲಿ ಬ್ರೇಕೇ ಇಲ್ಲದಂತಾಗಬಹುದು. ಇದಕ್ಕೆ ಕಾರಣವೇನು, ದೋಷದ ಸ್ಥಾನವನ್ನು ಅರಿಯುವ ಬಗೆ ಯಾವುದು ಎಂಬುದನ್ನು ನಾವು ಇಲ್ಲಿ ವಿವೇಚಿಸುವೆವು.

ಮೊದಲು ಉಷ್ಣದ ಲೆಕ್ಕವನ್ನು ನೋಡೋಣ. ಉಳಿದಿರುವ ಎಳೆತವು ಕೇವಲ ೧೦೦ ನ್ಯೂಟನ್, ಎಂದರೆ ಸುಮಾರು ೧೦ ಕಿಲೋಗ್ರಾಂ ಭಾರದಷ್ಟು, ಎಂದಿಟ್ಟುಕೊಳ್ಳೋಣ. ಕಾರು ೬೦ ಕಿಲೋಮೀಟರ್ ಸಾಗುವಷ್ಟರಲ್ಲಿ ೬೦ ಲಕ್ಷ ಜೌಲ್ ಶಕ್ತಿಯು ಉಷ್ಣವಾಗಿ ಪರಿಣಮಿಸುತ್ತದೆ. ಇದು ೨೫ ಡಿಗ್ರಿಯಲ್ಲಿರುವ ಸುಮಾರು ೧೯ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಉಷ್ಣ. ಇದರ ಬಹುಭಾಗ ಗಾಳಿಗೆ ಹೋದರೂ ಒಂದಂಶವು ಬ್ರೇಕಿನ ದ್ರವವನ್ನು ಮುಟ್ಟುತ್ತದೆ. 'ಡಾಟ್ ೩' ವರ್ಗದ ಹೊಸ ದ್ರವದ ಕುದಿಬಿಂದು ಕನಿಷ್ಠಪಕ್ಷ ೨೦೫ ಡಿಗ್ರಿ ಸೆಲ್ಸಿಯಸ್ ಇರಬೇಕು. ಆದರೆ ಈ ದ್ರವವು ತೇವವನ್ನು ಹೀರುವ ಸ್ವಭಾವದ್ದು. ನೀರಿನ ಅಂಶವು ಶೇಕಡಾ ೩.೭ಕ್ಕೆ ಏರಿದಾಗ ಇರಬೇಕಾದ ಕನಿಷ್ಠ ಮಟ್ಟವೇ ೧೪೦ ಡಿಗ್ರಿ. ದ್ರವ ಕುದಿದು ಆವಿಯಾದರೆ ಆವಿಯು ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಸಾಗಿಸುವುದಿಲ್ಲ. ಪೆಡಲು ನೆಲಕ್ಕೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ದ್ರವವು ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಸಾಗಿಸುತ್ತದೆಂಬ ಪ್ಯಾಸ್ಕಲನ ನಿಯಮವು ಬ್ರೇಕು ಹಿಡಿಯುವುದನ್ನು ವಿವರಿಸುತ್ತದೆ. ಬಿಡುವ ಕ್ರಿಯೆಗೆ ಬೇರೆ ಏರ್ಪಾಡುಗಳು ಬೇಕು. ಮಾಸ್ಟರ್ ಸಿಲಿಂಡರಿನ ಸಾಮಾನ್ಯ ರಚನೆಯಲ್ಲಿ ದ್ರವಪಾತ್ರೆಗೆ ತೆರೆಯುವ ಒಂದು ಕಿರುರಂಧ್ರವಿದೆ. ಪೆಡಲು ಪೂರ್ತಿ ಹಿಂದಿರುಗಿದಾಗ ಮಾತ್ರ ರಬ್ಬರಿನ ಬಟ್ಟಲು ಈ ರಂಧ್ರವನ್ನು ಬಿಟ್ಟು ಹಿಂದಕ್ಕೆ ಸರಿಯುತ್ತದೆ. ಕಾದು ಹಿಗ್ಗಿದ ದ್ರವವು ಆ ಮಾರ್ಗವಾಗಿ ಪಾತ್ರೆಗೆ ಮರಳುತ್ತದೆ. ತಳ್ಳುಕಂಬಿಗೆ ಸಡಿಲವಿಲ್ಲದೆ ರಂಧ್ರವು ಮುಚ್ಚಿಯೇ ಉಳಿದರೆ, ಅಥವಾ ಖನಿಜತೈಲ ಬೆರೆತು ರಬ್ಬರು ಉಬ್ಬಿದರೆ, ಹಿಗ್ಗಿದ ದ್ರವಕ್ಕೆ ದಾರಿಯಿಲ್ಲ. ಆಗ ಒತ್ತಡವು ಏರಿ ಹಿಡಿತವು ಬಿಗಿಯಾಗುತ್ತದೆ. ಬಿಗಿದಷ್ಟೂ ಉಷ್ಣ ಹೆಚ್ಚುತ್ತದೆ. ಉಷ್ಣ ಹೆಚ್ಚಿದಷ್ಟೂ ದ್ರವ ಹಿಗ್ಗುತ್ತದೆ. ಹೊರಟಾಗ ಸರಿಯಾಗಿದ್ದ ಕಾರು ಕೆಲವು ಮೈಲಿಗಳ ಮೇಲೆ ಬಿಗಿದು, ತಣಿದ ಮೇಲೆ ತಾನಾಗಿ ಸಡಿಲಗೊಳ್ಳುವುದರ ರಹಸ್ಯವಿದೇ.

ದೋಷವು ಎರಡೇ ಬಗೆಯದು: ಒಂದು, ಒತ್ತಡವೇ ಒಳಗೆ ಸಿಕ್ಕಿಕೊಂಡಿರುವುದು, ಇನ್ನೊಂದು, ಒತ್ತಡ ಹೋದರೂ ಭಾಗಗಳು ಸಿಕ್ಕಿಕೊಂಡಿರುವುದು. ಯಾವ ಚಕ್ರ ಬಿಸಿಯಾಗಿದೆಯೆಂಬುದು ಮೊದಲ ಸೂಚನೆ. ಎಲ್ಲ ಚಕ್ರಗಳೂ ಬಿಗಿದಿದ್ದರೆ ಮಾಸ್ಟರ್ ಸಿಲಿಂಡರನ್ನೋ ಬೂಸ್ಟರನ್ನೋ ಶಂಕಿಸಬೇಕು. ಹಿಂದಿನವು ಮಾತ್ರ ಬಿಗಿದಿದ್ದರೆ ಕೈಬ್ರೇಕಿನ ತುಕ್ಕುಹಿಡಿದ ತಂತಿಯನ್ನು ಮೊದಲು ನೋಡಬೇಕು. ಒಂದೇ ಚಕ್ರವಾದರೆ ಅಲ್ಲಿನ ಕೊಳವೆಯನ್ನೂ ಕ್ಯಾಲಿಪರನ್ನೂ ಪರೀಕ್ಷಿಸಬೇಕು.

ಪರೀಕ್ಷೆಯನ್ನು ದೋಷವು ಪ್ರಕಟವಾಗಿರುವಾಗಲೇ ನಡೆಸಬೇಕು. ಸಮತಟ್ಟಾದ ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡೆಯಿಟ್ಟು, ಶಂಕಿತ ಚಕ್ರವನ್ನು ಎತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಕೈಬ್ರೇಕನ್ನು ಬಿಟ್ಟು, ಚಕ್ರವನ್ನು ತಿರುಗಿಸಿ ನೋಡಬೇಕು. ಎಂಜಿನ್ ನಿಲ್ಲಿಸಿ ಪೆಡಲನ್ನು ಹಲವು ಬಾರಿ ಒತ್ತಿ ನಿರ್ವಾತವನ್ನು ಕಳೆದಾಗ ಚಕ್ರ ಬಿಟ್ಟರೆ ದೋಷವು ಬೂಸ್ಟರಿನದು. ಬಿಡದಿದ್ದರೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಬಿಗಿದ ನಟ್ಟುಗಳನ್ನು ತುಸು ಸಡಿಲಿಸಬೇಕು. ಚಕ್ರ ಬಿಟ್ಟರೆ ತಳ್ಳುಕಂಬಿಯ ಅಳತೆ ತಪ್ಪಿದೆ. ಅನಂತರ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ನಳಿಕೆಯನ್ನು ಸಡಿಲಿಸಬೇಕು. ಆಗ ಬಿಟ್ಟರೆ ಕಿರುರಂಧ್ರ ಮುಚ್ಚಿದೆ. ಕೊನೆಗೆ ಚಕ್ರದ ಬಳಿ ಗಾಳಿ ತೆಗೆಯುವ ತಿರುಪನ್ನು ತೆರೆಯಬೇಕು; ಆಗ ಬಿಟ್ಟರೆ ನಡುವಿನ ಮಾರ್ಗದಲ್ಲಿ ತಡೆಯಿದೆ. ರಬ್ಬರು ಕೊಳವೆಯ ಒಳಪದರ ಕಿತ್ತು ದ್ರವವನ್ನು ಹೋಗಗೊಟ್ಟು ಮರಳಗೊಡದಿರುವುದುಂಟು. ಆಗಲೂ ಬಿಡದಿದ್ದರೆ ಒತ್ತಡಕ್ಕೂ ದೋಷಕ್ಕೂ ಸಂಬಂಧವಿಲ್ಲ. ಪಿಸ್ಟನ್ ತುಕ್ಕುಹಿಡಿದಿರಬೇಕು, ಇಲ್ಲವೆ ಕ್ಯಾಲಿಪರಿನ ಜಾರುಕಡ್ಡಿಗಳು ಬಿಗಿದಿರಬೇಕು.

ಈ ಕ್ರಮವು ಮೇಲಿನಿಂದ ಕೆಳಕ್ಕೆ ಸಾಗಬೇಕೆಂಬುದು ಮುಖ್ಯ. ಚಕ್ರದ ಬಳಿಯ ತಿರುಪನ್ನೇ ಮೊದಲು ತೆರೆದರೆ ಎಲ್ಲೇ ಸಿಕ್ಕಿದ್ದ ಒತ್ತಡವೂ ಒಮ್ಮೆಗೇ ಹೊರಬೀಳುತ್ತದೆ. ಚಕ್ರ ತಿರುಗುತ್ತದೆ, ಆದರೆ ಸಾಕ್ಷ್ಯವು ನಷ್ಟವಾಗುತ್ತದೆ. ಇದನ್ನೇ ದುರಸ್ತಿಯೆಂದು ಭಾವಿಸಿ ಹೊರಟವರಿಗೆ ಮುಂದಿನ ಪ್ರಯಾಣದಲ್ಲಿ ಅದೇ ತೊಂದರೆ ಮರುಕಳಿಸುತ್ತದೆ. ದಾರಿಯಲ್ಲಿ ಬ್ರೇಕು ಬಿಗಿದರೆ ಕಾರನ್ನು ನಿಲ್ಲಿಸಿ ತಣಿಯಗೊಡಬೇಕು. ತಣಿದು ಸಡಿಲಗೊಂಡುದನ್ನು ಗುಣವಾಯಿತೆಂದು ಎಣಿಸಲಾಗದು. ದೋಷವನ್ನು ತಿದ್ದಿದ ಬಳಿಕ, ಕಾದು ಕೆಟ್ಟ ದ್ರವವನ್ನು ಬದಲಿಸಿದಾಗಲೇ ಕೆಲಸವು ಪೂರ್ಣವಾಯಿತೆನ್ನಬಹುದು.