ತೂತು ಮೊದಲೋ, ಸ್ಲಾಟ್ ಮೊದಲೋ?

40 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬ್ಲಾಕ್ ಒಂದಿದೆ ಎನ್ನಿ. ಮೇಲ್ಗಡೆ 15 ಮಿ.ಮೀ. ಆಳದ ಸ್ಲಾಟ್, ಜೊತೆಗೆ ಮೇಲಿಂದ ಕೆಳಗೆ ಹಾಯುವ 10 ಮಿ.ಮೀ. ತೂತು. ಬಿಡಿಬಿಡಿಯಾಗಿ ಎರಡೂ ಹೊಸ ಆಪರೇಟರ್ ಮುಗಿಸಿಬಿಡುವ ಕೆಲಸ. ಆದರೆ ತೂತಿನ ಕೇಂದ್ರ ಸ್ಲಾಟಿನ ಗೋಡೆಯ ಮೇಲೇ ಬಿದ್ದರೆ? ಸ್ಲಾಟ್ ಮೊದಲು ಹೊಡೆದರೆ ಡ್ರಿಲ್ಲಿನ ಒಂದು ಮಗ್ಗುಲಿಗೆ ಲೋಹ, ಇನ್ನೊಂದಕ್ಕೆ ಬರೀ ಗಾಳಿ. ಡ್ರಿಲ್ ಖಾಲಿ ಕಡೆಗೆ ವಾಲುತ್ತದೆ. ತೂತು ಓರೆಯಾಗುತ್ತದೆ, ಇಲ್ಲವೇ ಡ್ರಿಲ್ಲೇ ಮುರಿಯುತ್ತದೆ. ಇಲ್ಲಿ ತೂತೇ ಮೊದಲಾಗಬೇಕು.

ಅದೇ ತೂತು ಸ್ಲಾಟಿನ ತಳದ ನಡುವೆ ಬಿದ್ದರೆ ಲೆಕ್ಕ ತಿರುಗುಮುರುಗು. ಸ್ಲಾಟ್ ಮೊದಲಾದರೆ ಕೊರೆಯಬೇಕಾದದ್ದು 25 ಮಿ.ಮೀ. ಮಾತ್ರ. ಇನ್ನು ತೂತಿನ ಕೇಂದ್ರವನ್ನು ಗೋಡೆಯಿಂದ 5.5 ಮಿ.ಮೀ. ಆಚೆ, ಸ್ಲಾಟಿನ ಹೊರಕ್ಕೆ ಸರಿಸಿದರೆ ನಡುವೆ ಉಳಿಯುವುದು ಅರ್ಧ ಮಿ.ಮೀ. ತಗಡು, ಕಟರ್ ತಾಗಿದರೆ ಅದುರುತ್ತದೆ. ಒಂದನ್ನೊಂದು ಮುಟ್ಟದೆಯೂ ತಕರಾರು ತಪ್ಪಿದ್ದಲ್ಲ. ತೂತು, ಸ್ಲಾಟಿನಂಥ ಫೀಚರ್‌ಗಳ ನಡುವಿನ ಈ ತಕರಾರನ್ನೇ ಫೀಚರ್ ಇಂಟರಾಕ್ಷನ್ ಎನ್ನುವುದು.

ಯಾವುದನ್ನು ಮೊದಲು ಕಡಿಯಬೇಕು ಎಂಬುದನ್ನು ಕ್ಯಾಡ್ ಮಾದರಿ ಹೇಳುವುದಿಲ್ಲ. ಅದರಲ್ಲಿರುವುದು ಕೊನೆಯ ಆಕಾರ. ಫೀಚರ್ ಟ್ರೀಯಲ್ಲಿ ಕಾಣುವ ಕ್ರಮ ಡಿಸೈನರ್ ಗೆರೆ ಎಳೆದ ಕ್ರಮ, ಲೋಹ ಕಡಿಯುವ ಕ್ರಮವಲ್ಲ. ಸಾಮಾನ್ಯ ಸ್ಟೆಪ್ ಫೈಲಾಗಿ ಕಳಿಸಿದರೆ ಅದೂ ಉಳಿಯುವುದಿಲ್ಲ. ಹಾಗಾಗಿ ಕಡಿತದ ಪ್ರೋಗ್ರಾಂ ಬರೆಯುವ ಕ್ಯಾಮ್ ತಂತ್ರಾಂಶ ಮೇಲ್ಮೈಗಳನ್ನು ನೋಡಿ ಇದು ತೂತು, ಇದು ಸ್ಲಾಟ್ ಎಂದು ಊಹಿಸಬೇಕು. 1988ರಲ್ಲಿ ಸಂಶೋಧಕರಾದ ಜೋಶಿ ಮತ್ತು ಚಾಂಗ್ ತೋರಿಸಿದ ದಾರಿಯಲ್ಲಿ ಯಾವ ಮೇಲ್ಮೈ ಯಾವುದಕ್ಕೆ ಅಂಟಿದೆ ಎಂಬ ಜಾಲವನ್ನು ಬರೆದು, ಅದರಲ್ಲಿ ಒಂದು ತಳ, ಎರಡು ಗೋಡೆಯಂಥ ನಮೂನೆಗಳನ್ನು ಹುಡುಕುತ್ತಾರೆ. ಚೊಕ್ಕ ಉಪಾಯ. ಆದರೆ ಒಂದೇ ಆಳದ ಎರಡು ಸ್ಲಾಟುಗಳು ಅಡ್ಡಹಾಯ್ದರೆ ತಳಗಳೆರಡೂ ಕೂಡಿ ಒಂದೇ ಪ್ಲಸ್ ಆಕಾರವಾಗುತ್ತದೆ, ನಾಲ್ಕು ಗೋಡೆ ಸೀಳಿ ಎಂಟಾಗುತ್ತವೆ. ಹುಡುಕುತ್ತಿದ್ದ ನಮೂನೆಯೇ ಅಲ್ಲಿಲ್ಲ. 1993ರಲ್ಲಿ ವಾಂಡೆನ್‌ಬ್ರಾಂಡೆ ಮತ್ತು ರೆಕ್ವಿಚಾ ಇಡೀ ನಮೂನೆಯೇ ಸಿಗಬೇಕೆಂಬ ಹಟ ಬಿಟ್ಟು ಸುಳಿವು ಹಿಡಿದರು: ಎದುರುಬದುರು ಸಮಾನಾಂತರ ಗೋಡೆಯ ಚೂರುಗಳು ಸಿಕ್ಕರೂ ಸಾಕು, ಸ್ಲಾಟ್ ಇರಬಹುದೆಂದು ಹಿಡಿದು, ಉಳಿದದ್ದನ್ನು ಲೆಕ್ಕ ಹಾಕಿ ತುಂಬುವುದು. ನನಗೆ ಇದೇ ಹೆಚ್ಚು ವ್ಯವಹಾರಜ್ಞಾನದ್ದು ಅನಿಸುತ್ತದೆ. ಅನುಭವಿ ಪ್ರೋಗ್ರಾಮರ್ ಡ್ರಾಯಿಂಗ್ ಓದುವುದೂ ಹೆಚ್ಚುಕಡಿಮೆ ಹೀಗೆಯೇ.

ಫೀಚರ್‌ಗಳನ್ನು ಸರಿಯಾಗಿ ಗುರುತಿಸಿದರೂ ತಕರಾರು ಮುಗಿಯುವುದಿಲ್ಲ. ಹೈಡ್ರಾಲಿಕ್ ಮ್ಯಾನಿಫೋಲ್ಡ್ ಬ್ಲಾಕುಗಳಲ್ಲಿ ತೂತುಗಳು ಒಳಗೇ ಸಂಧಿಸುತ್ತವೆ. ಸಂಧಿಯ ಅಂಚಿನಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಏಳುತ್ತದೆ. ಅದು ಕಿತ್ತುಬಂದು ಎಣ್ಣೆಯ ಜೊತೆ ಹರಿದರೆ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಪರದೆಯ ಮೇಲಿನ ಮಾದರಿಯಲ್ಲಿ ಬರ್ ಕಾಣುವುದೇ ಇಲ್ಲ. ಆದ್ದರಿಂದ ಬರ್ ತೆಗೆಯುವ ಟೂಲ್ ಆ ಸಂಧಿಯವರೆಗೆ ತಲುಪುತ್ತದೆಯೇ ಎಂದು ಡ್ರಾಯಿಂಗ್ ಬಿಡುಗಡೆಗೆ ಮೊದಲೇ ಅಳೆದು ನೋಡಬೇಕು.