ಗೋಡೆಯ ಕೊಂಬು, ಜೇಬಿನ ಪೊಟ್ಟಣ

ಊರಿನ ಮನೆ ಪಾಲಾಗುವಾಗ ಅಣ್ಣನಿಗೆ ಹಿತ್ತಾಳೆ ಹಂಡೆ, ತಮ್ಮನಿಗೆ ಚಾವಡಿಯ ಗೋಡೆಯಲ್ಲಿದ್ದ ಕಡವೆಯ ಕೊಂಬು. ತಮ್ಮ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸಿನಲ್ಲಿ ತಂದು ಡೊಂಬಿವಲಿಯ ಫ್ಲ್ಯಾಟಿನಲ್ಲಿ ಟಿವಿಯ ಮೇಲ್ಗಡೆ ಮೊಳೆ ಹೊಡೆದು ತೂಗುಹಾಕುತ್ತಾನೆ. ಕರಾವಳಿ, ಮಲೆನಾಡಿನಿಂದ ಹೋಟೆಲು, ಬ್ಯಾಂಕು, ಕಾರ್ಖಾನೆ ಎಂದು ಬಂದು ಠಾಣೆ, ಕಲ್ಯಾಣ, ವಾಶಿಗಳಲ್ಲಿ ನೆಲೆ ನಿಂತ ಕುಟುಂಬಗಳಿಗೆ ಇದು ಅಪರಿಚಿತ ಕತೆಯಲ್ಲ. ಯಾರಾದರೂ ವಿಚಾರಿಸಿದರೆ ಉತ್ತರ ಎರಡು. ಬಂದವರು ನೆಂಟರಾದರೆ "ನಮ್ಮಜ್ಜ ಹೊಡೆದದ್ದು." ವಕೀಲರಾದರೆ "ಕಾಡಲ್ಲಿ ತಾನಾಗೇ ಉದುರಿದ್ದು ಸ್ವಾಮಿ."

ಎರಡನೆಯ ಉತ್ತರ ಸುಳ್ಳೆಂದು ಆ ಕೊಂಬೇ ಹೇಳಿಬಿಡುತ್ತದೆ. ಚುಕ್ಕೆ ಜಿಂಕೆ, ಕಡವೆಗಳ ಗಂಡುಗಳಿಗೆ ಕೊಂಬು ವರ್ಷ ವರ್ಷವೂ ಉದುರಿ ಹೊಸದಾಗಿ ಬರುವುದು ನಿಜ. ಹಾಗೆ ಉದುರಿದ ಕೊಂಬಿನ ಬುಡದಲ್ಲಿ ಗಂಟುಗಂಟಾದ ಒಂದು ಬಳೆ ಇರುತ್ತದೆ, ಅದರ ಕೆಳಗೆ ಒರಟು ತಳ, ಅಷ್ಟೇ. ಉದುರುವುದೂ ಒಂದೊಂದಾಗಿ. ಗೋಡೆಯ ಮೇಲಿನದ್ದನ್ನು ಇಳಿಸಿ ಹಿಂದೆ ಮುಂದೆ ತಿರುಗಿಸಿ ನೋಡಿ: ಎರಡು ಕೊಂಬುಗಳನ್ನು ಜೋಡಿಸಿರುವುದು ಅಂಗೈಯಗಲದ ತಲೆಬುರುಡೆಯ ಚೂರು, ಅದಕ್ಕೆ ಸ್ಕ್ರೂ ಹಾಕಿ ಮರದ ಹಲಗೆಗೆ ಬಿಗಿದಿದ್ದಾರೆ. ಬದುಕಿರುವ ಪ್ರಾಣಿ ಬುರುಡೆ ಉದುರಿಸುವುದಿಲ್ಲ.

ಸರಿ, ನಿಜವಾಗಿ ಉದುರಿದ್ದೇ ಎಂದಿಟ್ಟುಕೊಳ್ಳೋಣ. ಯೇವೂರು ಬೆಟ್ಟಕ್ಕೆ ಭಾನುವಾರ ನಡೆಯಲು ಹೋದವರಿಗೆ ದಾರಿಯಲ್ಲಿ ಸಿಕ್ಕಿತು, ಚೀಲಕ್ಕೆ ಹಾಕಿಕೊಂಡರು. ಅದೂ ತಪ್ಪೇ. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಿಂದ ತಂದ ಕೊಂಬು, ಚರ್ಮ, ಮೂಳೆ, ಜೇನು ಎಲ್ಲವೂ ಅರಣ್ಯ ಉತ್ಪನ್ನ. ಯೇವೂರು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಬದಿಯ ಅಂಚು, ಅಲ್ಲಿಂದ ಏನನ್ನೂ ಎತ್ತಿಕೊಂಡು ಬರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಟ್ರೋಫಿ' ಎನ್ನುವಾಗ ಹುಲಿಯ ತಲೆಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿಲ್ಲ. ಕೊಂಬು, ಉಗುರು, ಹಲ್ಲು, ಕೂದಲು, ಗರಿ, ಮೊಟ್ಟೆ, ಗೂಡು ಕೂಡ ಆ ಪಟ್ಟಿಯಲ್ಲಿವೆ. ನವಿಲುಗರಿ ಇಟ್ಟುಕೊಳ್ಳಬಹುದಲ್ಲ ಎಂದು ವಾದಿಸುವವರಿದ್ದಾರೆ. ಹೌದು, ಇಟ್ಟುಕೊಳ್ಳಬಹುದು, ನವಿಲಿನ ಬಾಲದ ಗರಿಗೆ ಕಾಯ್ದೆಯೇ ಹೆಸರು ಹೇಳಿ ವಿನಾಯಿತಿ ಕೊಟ್ಟಿದೆ. ಕಡವೆಗೆ ಕೊಟ್ಟಿಲ್ಲ.

"ಅಜ್ಜನ ಕಾಲದ್ದು, ಈಗಿನ ಕಾನೂನು ಅದಕ್ಕೆ ಹೇಗೆ ಬಂತು?" ಎನ್ನುವುದು ಇವೆಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ಅಜ್ಜನ ಕಾಲದಲ್ಲಿ ಬೇಟೆ ದೊಡ್ಡಸ್ತಿಕೆಯ ಲಕ್ಷಣವಾಗಿತ್ತೆಂಬುದರಲ್ಲಿ ಅನುಮಾನವಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಮಹಾರಾಜರುಗಳ, ದೊರೆಗಳ ಹುಲಿ ಚಿರತೆಗಳ ಚರ್ಮ ಹದಮಾಡಿ, ರೂಪ ಕೊಟ್ಟು ಕಳಿಸುತ್ತಲೇ ಇಪ್ಪತ್ತನೆಯ ಶತಮಾನದ ಬಹುಭಾಗ ನಡೆಯಿತು. ಆದರೆ ಕಾಯ್ದೆ ಕೇಳುವುದು ಪ್ರಾಣಿ ಯಾವಾಗ ಸತ್ತಿತು ಎಂದಲ್ಲ, ವಸ್ತು ಈಗ ಯಾರ ವಶದಲ್ಲಿದೆ, ಅದಕ್ಕೆ ಕಾಗದ ಇದೆಯೇ ಎಂದು. ಕಾಗದವೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರು ಕೊಡುವ ಮಾಲೀಕತ್ವದ ಪ್ರಮಾಣಪತ್ರ. ಹಳೆಯ ವಸ್ತು ಇದ್ದವರು ಘೋಷಿಸಿಕೊಳ್ಳಲಿ ಎಂದು 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ಕೊಟ್ಟಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ಆಮೇಲೆ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಗಳ ವಸ್ತುವನ್ನು ಹೊಸದಾಗಿ ಪಡೆಯಲು ಉಳಿದ ದಾರಿ ಒಂದೇ, ವಾರಸುದಾರಿಕೆ. ಅದಕ್ಕೂ ಷರತ್ತಿದೆ: ಕೈಗೆ ಬಂದ 90 ದಿನಗಳೊಳಗೆ ಇಲಾಖೆಗೆ ತಿಳಿಸಬೇಕು. ಪ್ರಮಾಣಪತ್ರ ಇದ್ದರೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿದರೆ 30 ದಿನಗಳೊಳಗೆ ವರದಿ ಮಾಡಬೇಕು. ಮಾರುವಂತಂತೂ ಇಲ್ಲವೇ ಇಲ್ಲ. ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸು ಹತ್ತಿದ ತಮ್ಮ ಕರ್ನಾಟಕದ ಗಡಿ ದಾಟಿದಾಗಲೇ ಎರಡು ನಿಯಮ ದಾಟಿರಬಹುದು.

ಇದರ ಹಿಂದೆ ವನ್ಯಜೀವಿ ಕಾಯ್ದೆಯ 57ನೆಯ ಕಲಮು ಕೂತಿದೆ, ಬಹಳ ಜನ ಅದನ್ನು ಓದಿಲ್ಲ. ವಸ್ತು ನಿಮ್ಮ ವಶದಲ್ಲಿತ್ತೆಂದು ಸಾಬೀತಾದರೆ ಅದು ಅಕ್ರಮವೆಂದೇ ನ್ಯಾಯಾಲಯ ಊಹಿಸುತ್ತದೆ. ಸಕ್ರಮವೆಂದು ತೋರಿಸುವ ಹೊಣೆ ನಿಮ್ಮದು. 2023ರ ಅಕ್ಟೋಬರಿನಲ್ಲಿ ಕನ್ನಡ ಬಿಗ್ ಬಾಸ್ ಮನೆಯೊಳಗಿದ್ದ ಸ್ಪರ್ಧಿಯೊಬ್ಬರನ್ನು ಕೊರಳಿನ ಹುಲಿಯುಗುರಿಗಾಗಿ ಬಂಧಿಸಿದಾಗ "ಹುಲಿ ಹೊಡೆದವರು ಇವರಾ?" ಎಂದು ಜನ ನಕ್ಕರು. ಹೊಡೆದವರು ಯಾರು ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. 2022ರ ತಿದ್ದುಪಡಿಯ ನಂತರ ಮೊದಲ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅದೇ ತಿದ್ದುಪಡಿಯಲ್ಲಿ ಆರು ಪಟ್ಟಿಗಳು ನಾಲ್ಕಾಗಿ ಪ್ರಾಣಿಗಳ ಸ್ಥಾನವೂ ಬದಲಾಗಿದೆ. ಹಾಗಾಗಿ "ಜಿಂಕೆಗೆ ಅಷ್ಟೇನಿಲ್ಲ ಬಿಡಿ" ಎಂಬ ಹಳೆಯ ಸಲಹೆಯನ್ನು ನಂಬಬೇಡಿ. ಕೊಂಬನ್ನು ರಾತ್ರೋರಾತ್ರಿ ಖಾಡಿಯ ನೀರಿಗೆ ಎಸೆಯುವ ಉಪಾಯವನ್ನೂ ಮಾಡಬೇಡಿ. ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ಠಾಣೆಯ ಅರಣ್ಯ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926.

ಉಪನಯನದ ವಟುವಿನ ಜನಿವಾರಕ್ಕೆ ಕಟ್ಟುವ ಕೃಷ್ಣಾಜಿನದ ತುಣುಕು, ಜಪಕ್ಕೆ ಹಾಸುವ ಜಿಂಕೆ ಚರ್ಮ, ಇವು ದೇವರ ಕೆಲಸದವು, ಇವಕ್ಕೆ ಕಾನೂನು ಅಡ್ಡಬರುವುದಿಲ್ಲ ಎಂಬುದು ಇನ್ನೊಂದು ಭ್ರಮೆ. ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ. ಪೂಜಾ ಸಾಮಗ್ರಿಯ ಅಂಗಡಿಯಲ್ಲಿ "ಅಸಲಿ" ಎಂದು ಯಾರಾದರೂ ಕೊಟ್ಟರೆ ಕೊಂಡವರೂ ಸಿಕ್ಕಿಬೀಳುತ್ತಾರೆ. ಕೃಷ್ಣಮೃಗವಂತೂ ಮೊದಲಿನಿಂದಲೂ ಮೊದಲ ಪಟ್ಟಿಯಲ್ಲಿದೆ. 1998ರಲ್ಲಿ ಜೋಧಪುರದ ಬಳಿ ನಡೆದ ಕೃಷ್ಣಮೃಗ ಬೇಟೆಗೆ ನಟ ಸಲ್ಮಾನ್ ಖಾನ್‌ಗೆ 2018ರಲ್ಲಿ ಕೆಳ ನ್ಯಾಯಾಲಯ 5 ವರ್ಷ ಶಿಕ್ಷೆ ವಿಧಿಸಿದ್ದು, ಅವರು ಮೇಲ್ಮನವಿ ಹೋದದ್ದು ಎಲ್ಲರಿಗೂ ಗೊತ್ತು.

ಕೊಂಬಿನ ಕವಲು ಎಣಿಸಿ ವಯಸ್ಸು ಹೇಳುವವರೂ ಇದ್ದಾರೆ, "ಎಷ್ಟು ಕವಲೋ ಅಷ್ಟು ವರ್ಷ." ಚುಕ್ಕೆ ಜಿಂಕೆಗಾಗಲಿ ಕಡವೆಗಾಗಲಿ ಒಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ಕವಲು. ಬೆಳೆದ ಗಂಡು ನಾಲ್ಕು ವರ್ಷದ್ದಿರಲಿ ಎಂಟು ವರ್ಷದ್ದಿರಲಿ ಅಷ್ಟೇ. ಕೊಂಬಿನ ದಪ್ಪ ಉದ್ದಗಳು ಮೇವು, ಆರೋಗ್ಯ, ವಯಸ್ಸು ಮೂರನ್ನೂ ಅವಲಂಬಿಸಿವೆ. ವಯಸ್ಸು ಬೇಕಾದವರು ಹಲ್ಲಿನ ಸವೆತ ನೋಡುತ್ತಾರೆ. ಕೃಷ್ಣಮೃಗದ ಸುರುಳಿ ಕೊಂಬಂತೂ ಉದುರುವುದೇ ಇಲ್ಲ. ಅದು ಮೂಳೆಯ ತಿರುಳಿನ ಮೇಲೆ ಉಗುರಿನ ಜಾತಿಯ ಹೊದಿಕೆ, ಜೀವನಪರ್ಯಂತ ಇರುತ್ತದೆ.

ಈಗ ಟೆಕ್ಸಾಸಿನಲ್ಲಿರುವ ಅಳಿಯನ ವಿಷಯ. ಅವನು ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸುತ್ತಾನೆ: ಬಂದೂಕು, ಪಕ್ಕದಲ್ಲಿ ಸತ್ತ ಚುಕ್ಕೆ ಜಿಂಕೆ. ನಮ್ಮದೇ ಜಿಂಕೆ. 1930ರ ದಶಕದಲ್ಲಿ ಅಲ್ಲಿಗೆ ಕೊಂಡೊಯ್ದು ಬಿಟ್ಟದ್ದು ಇಂದು ಸಾವಿರಗಟ್ಟಲೆ ಆಗಿದೆ. ಹೊರಗಿನ ಪ್ರಾಣಿ ಎಂಬ ಕಾರಣಕ್ಕೆ ಲೈಸೆನ್ಸ್ ಇದ್ದವರು ವರ್ಷವಿಡೀ ಹೊಡೆಯಬಹುದು. ಅಲ್ಲಿನ ಸ್ವಂತ ಬಿಳಿಬಾಲದ ಜಿಂಕೆಗೆ ಋತು, ಸಂಖ್ಯೆ, ಟ್ಯಾಗು ಎಲ್ಲ ನಿಗದಿ. ಬಂದೂಕು ಗುಂಡುಗಳ ಮೇಲಿನ ತೆರಿಗೆ 1937ರ ಕಾನೂನಿನಂತೆ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ದೊಡ್ಡ ಕೊಂಬಿನ ಗಂಡು ಹೊಡೆದರೆ ಅಳತೆ ಹಿಡಿದು ಅಂಕ ಕೊಡುವ ಪದ್ಧತಿಯೂ ಉಂಟು. "ಅಲ್ಲಿ ಬೇಟೆಯಿಂದಲೇ ಕಾಡು ಉಳಿದಿದೆ, ಇಲ್ಲೇಕೆ ಬೇಡ?" ಎಂದು ಅಳಿಯ ಕೇಳುತ್ತಾನೆ. ಪ್ರಶ್ನೆ ದಡ್ಡತನದ್ದಲ್ಲ. ಆದರೆ ಅಲ್ಲಿ ಜಿಂಕೆಯನ್ನು ತಿನ್ನುವ ತೋಳ, ಪೂಮಾಗಳನ್ನು ಬಹುಪಾಲು ಕಡೆ ಮೊದಲೇ ಮುಗಿಸಿಬಿಟ್ಟಿದ್ದರು. ಇಲ್ಲಿ ಆ ಕೆಲಸಕ್ಕೆ ಹುಲಿ ಚಿರತೆಗಳು ಇನ್ನೂ ಇವೆ. ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ಉದ್ಯಾನದಲ್ಲಿ, ಸುತ್ತ ಕೋಟಿಗಟ್ಟಲೆ ಜನರ ನಡುವೆ, ಚಿರತೆಗಳು ಬದುಕಿವೆ. ಅವುಗಳ ಊಟವನ್ನು ನಾವು ಹೊಡೆದುಕೊಂಡರೆ ಅವು ಬೀದಿನಾಯಿ ಹುಡುಕಿಕೊಂಡು ಘೋಡ್‌ಬಂದರ್ ರಸ್ತೆಯ ಸೊಸೈಟಿಗಳತ್ತ ಇನ್ನಷ್ಟು ಬರುತ್ತವೆ. ಅದನ್ನು ಅಳಿಯನ ಫೋಟೋ ತೋರಿಸುವುದಿಲ್ಲ.

ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡವಲ್ಲ, ಅವರು ಬೇಟೆಯಾಡಬಹುದು ಎಂಬುದೂ ತಪ್ಪು. ವಿನಾಯಿತಿ ಇರುವುದು ಶಸ್ತ್ರ ಕಾಯ್ದೆಯಿಂದ, ವನ್ಯಜೀವಿ ಕಾಯ್ದೆಯಿಂದಲ್ಲ. ಉರುಲು ಹಾಕುವುದು, ಬೆನ್ನಟ್ಟುವುದು, ಪ್ರಯತ್ನಿಸುವುದು ಕೂಡ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ.

"ಅಮೆರಿಕದಲ್ಲಿ ಲೀಗಲ್" ಎಂಬ, ಅಳಿಯನ ವಾದದಂಥದೇ ಮಾತು ಗಾಂಜಾ ವಿಷಯಕ್ಕೂ ಬರುತ್ತದೆ. ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳು 2012ರಲ್ಲಿ ಬಾಗಿಲು ತೆರೆದವು, ಕೆನಡಾ 2018ರಲ್ಲಿ, ಜರ್ಮನಿ 2024ರಲ್ಲಿ. ಹಾಗೆಂದು ರಜೆಗೆ ಬರುವ ಮಗ ಅಲ್ಲಿನ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಂಡ ಗಾಂಜಾ ಮಿಠಾಯಿಯ ಡಬ್ಬಿಯನ್ನು ಸೂಟ್‌ಕೇಸಿನಲ್ಲಿ ತಂದರೆ, ಇಲ್ಲಿನ ವಿಮಾನ ನಿಲ್ದಾಣದಲ್ಲಿ ಆ ಬಿಲ್ಲೇ ಅವನ ವಿರುದ್ಧ ಸಾಕ್ಷಿ. ಇಲ್ಲಿ ನಡೆಯುವುದು 1985ರ ಮಾದಕವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್. ವಿಶ್ವಸಂಸ್ಥೆ 2020ರಲ್ಲಿ ಗಾಂಜಾವನ್ನು ಅಮಲು ಪದಾರ್ಥಗಳಿಂದ ತೆಗೆದುಹಾಕಿತು, ಭಾರತವೂ ಒಪ್ಪಿತು ಎಂದು ಓಡಾಡುವ ಸಂದೇಶ ಅರ್ಧ ಸತ್ಯ. 27–25 ಮತಗಳಿಂದ ತೆಗೆದದ್ದು ಅತಿ ಅಪಾಯಕಾರಿಗಳ ನಾಲ್ಕನೆಯ ಪಟ್ಟಿಯಿಂದ ಮಾತ್ರ, ಭಾರತ ಪರವಾಗಿ ಮತ ಹಾಕಿದ್ದೂ ನಿಜ. ಮೊದಲ ಪಟ್ಟಿಯ ನಿಯಂತ್ರಣ ಹಾಗೇ ಉಳಿದಿದೆ.

"ಭಾಂಗ್ ಲೀಗಲ್, ಹಾಗಾದರೆ ಗಾಂಜಾ ಏಕಲ್ಲ? ಒಂದೇ ಗಿಡ ತಾನೆ?" ಗಿಡ ಒಂದೇ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂವಿನ, ಕಾಯಿಯ ತುದಿ. ತುದಿಯ ಜೊತೆಗಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಈ ಆಧಾರದ ಮೇಲೆಯೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಾಂಗ್ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿತು. ಆದರೆ ನಾವಿರುವುದು ಮಹಾರಾಷ್ಟ್ರದಲ್ಲಿ. ಇಲ್ಲಿ 1949ರ ಮದ್ಯನಿಷೇಧ ಕಾಯ್ದೆ ಪರವಾನಗಿ ಇಲ್ಲದ ಭಾಂಗನ್ನೂ ತಡೆಯುತ್ತದೆ. ಬನಾರಸಿನ ಸರ್ಕಾರಿ ಭಾಂಗ್ ಅಂಗಡಿಯ ನೆನಪನ್ನು ಕಲ್ಯಾಣದ ಹೋಳಿ ಹಬ್ಬಕ್ಕೆ ತರುವಂತಿಲ್ಲ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಆರೂಢ ಪರಂಪರೆಯ ಜಾತ್ರೆಗಳಲ್ಲಿ ಸೇದುವುದನ್ನು ಪ್ರಸಾದವೆಂದೇ ಬಗೆದವರಿದ್ದಾರೆ. ಆ ಭಕ್ತಿಯನ್ನು ಅಣಕಿಸಲು ನನಗೆ ಮನಸ್ಸಿಲ್ಲ. ಆದರೆ ಪ್ರಸಾದವೆಂಬ ವಿನಾಯಿತಿ ಈ ಕಾಯ್ದೆಯಲ್ಲೂ ಇಲ್ಲ.

"ಸ್ವಲ್ಪ ಇದ್ದರೆ ನಡೆಯುತ್ತದೆ" ಎಂಬುದು ಹುಡುಗರ ನಂಬಿಕೆ. ಗಾಂಜಾಕ್ಕೆ 1 ಕಿಲೋವರೆಗೆ 'ಅಲ್ಪ ಪ್ರಮಾಣ', 20 ಕಿಲೋ ಮೀರಿದರೆ 'ವಾಣಿಜ್ಯ ಪ್ರಮಾಣ'. ಚರಸ್ ಆದರೆ 100 ಗ್ರಾಂ, 1 ಕಿಲೋ. ಅಲ್ಪ ಎಂದರೆ ಶಿಕ್ಷೆ ಕಡಿಮೆ, ಅಷ್ಟೇ: ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ 10 ವರ್ಷ. ಈ ಕಾಯ್ದೆಯ ಎಲ್ಲ ಅಪರಾಧಗಳೂ ಜಾಮೀನು ರಹಿತ ಎಂದು 2020ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ಕುಂಡದಲ್ಲಿ ಒಂದೇ ಗಿಡ ಬೆಳೆದರೂ ಅದು ಬೆಳೆಯುವ ಅಪರಾಧ, 10 ವರ್ಷದವರೆಗೆ ಶಿಕ್ಷೆ ಆಗಬಹುದು.

ಕೊಂಬಿನ ಕಾನೂನೂ ಇದೂ ಒಂದಾಗುವುದು ಇಲ್ಲಿ. ವಶದಲ್ಲಿ ಸಿಕ್ಕರೆ ಅಪರಾಧವೆಂದು ಊಹಿಸಿ ಆರೋಪಿಯಿಂದಲೇ ಲೆಕ್ಕ ಕೇಳುವ ಕಲಮುಗಳು ಎನ್‌ಡಿಪಿಎಸ್‌ನಲ್ಲೂ ಇವೆ, 35 ಮತ್ತು 54. ಪೂರ್ವದಿಂದ ಕೊನಾರ್ಕ್ ಎಕ್ಸ್‌ಪ್ರೆಸ್, ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್, ಎರಡೂ ಕಲ್ಯಾಣ ಜಂಕ್ಷನ್ ಮೇಲೆಯೇ ಬರುತ್ತವೆ. "ಹೇಗೂ ಹೋಗ್ತಿದ್ದೀಯಲ್ಲ, ಈ ಬ್ಯಾಗು ಕಲ್ಯಾಣದಲ್ಲಿ ನಮ್ಮವನಿಗೆ ಕೊಟ್ಟುಬಿಡಪ್ಪ" ಎಂದು ಕೈಗಿಟ್ಟ ಬ್ಯಾಗಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ ಎನ್ನುವುದನ್ನು ಆಮೇಲೆ ಕೋರ್ಟಿನಲ್ಲಿ ತೋರಿಸಿಕೊಡಬೇಕಾದವನು ಬ್ಯಾಗು ಹಿಡಿದವನೇ.

ಕಾನೂನು ಬದಲಾಗಬೇಕೇ ಎಂಬುದು ಬೇರೆ ಪ್ರಶ್ನೆ. ಅಲ್ಲಿ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ಗಿಡಮೂಲಿಕೆ, ಚಟ ಹಿಡಿಯುವುದಿಲ್ಲ ಎನ್ನುವುದು ಸುಳ್ಳು. 2019ರಲ್ಲಿ ಪ್ರಕಟವಾದ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾಂಗೂ ಸೇರಿ ಸುಮಾರು 3.1 ಕೋಟಿ ಜನ ಇದನ್ನು ಬಳಸುತ್ತಿದ್ದರು, ಅವರಲ್ಲಿ 25 ಲಕ್ಷದಷ್ಟು ಮಂದಿಗೆ ಅವಲಂಬನೆಯ ತೊಂದರೆ. ಒಂದು ದಮ್ಮು ಎಳೆದವನು ಹೆರಾಯಿನ್‌ವರೆಗೂ ಹೋಗಿಯೇ ತೀರುತ್ತಾನೆ ಎನ್ನುವುದೂ ಸುಳ್ಳು, ಬಳಸಿದವರಲ್ಲಿ ಗಾಂಜಾಕ್ಕೇ ಅವಲಂಬಿತರಾದವರು ಕಡಿಮೆ ಎಂದು ಆ ಲೆಕ್ಕವೇ ಹೇಳುತ್ತದೆ. ಔಷಧಿಯ ಗುಣವಿದೆ: ಕೆಲವು ಮಕ್ಕಳ ಮೂರ್ಛೆರೋಗಕ್ಕೆ ಗಾಂಜಾದಿಂದ ತೆಗೆದ ಔಷಧಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಿಂದ ಸೇದುವುದು ಔಷಧಿಯಾಗುವುದಿಲ್ಲ. ಉತ್ತರಾಖಂಡ ಅನುಮತಿಸಿರುವುದು ಅಮಲು ಅತಿ ಕಡಿಮೆಯ ನಾರಿನ ಬೆಳೆಗೆ. ಸಂಸದ ಧರ್ಮವೀರ ಗಾಂಧಿಯವರ ಎನ್‌ಡಿಪಿಎಸ್ ಸಡಿಲಿಸುವ 2016ರ ಖಾಸಗಿ ಮಸೂದೆ ಕಾನೂನಾಗಲಿಲ್ಲ. ನನ್ನ ಮಟ್ಟಿಗೆ, ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕ ಕಾಲೇಜು ಹುಡುಗನನ್ನು ಕಲ್ಯಾಣದ ಆಧಾರವಾಡಿ ಜೈಲಿಗೆ ಕಳಿಸುವುದರಿಂದ ಯಾರಿಗೂ ಲಾಭವಿಲ್ಲ. ಅಂಗಡಿ ತೆರೆದು ಮಾರುವುದು ಅದಕ್ಕೆ ಉತ್ತರ ಎನ್ನುವುದನ್ನೂ ನಾನು ಒಪ್ಪುವುದಿಲ್ಲ.

ಆ ಹುಡುಗನ ಅಪ್ಪ ಅಮ್ಮಂದಿರದೂ ಒಂದು ತಪ್ಪು ತಿಳಿವಳಿಕೆ ಇದೆ: ಆಸ್ಪತ್ರೆಗೆ ಕರೆದೊಯ್ದರೆ ಕೇಸಾಗುತ್ತದೆ, ಮನೆಯೊಳಗೇ ಮುಚ್ಚಿಡೋಣ ಎಂದು. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಹೇಳುವುದು ಇದಕ್ಕೆ ವಿರುದ್ಧ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿದರೆ ಆ ಆರೋಪಗಳ ವಿಚಾರಣೆಯಿಂದ ರಕ್ಷಣೆ ಪಡೆಯಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಕರೆಗೆ ದುಡ್ಡಿಲ್ಲ.