ಲೇಸರ್ ಡಯೋಡಿಗೆ ಹದವರಿತ ವಿದ್ಯುತ್ತು

ಕಳೆದ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ನಮ್ಮ ಇಬ್ಬರು ವಿದ್ಯಾರ್ಥಿಗಳು ಒಂದು ಲೇಸರ್ ಡಯೋಡನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರು. ಗೋಡೆಯ ಮೇಲೆ ಕೆಂಪು ಚುಕ್ಕೆಯು ಕ್ಷಣಕಾಲ ಹೊಳೆದು ಮಂಕಾಯಿತು. ಮತ್ತೆ ಹೊಳೆಯಲೇ ಇಲ್ಲ. ಮಕ್ಕಳ ಮುಖಗಳೂ ಬಾಡಿದುವು. ತಪ್ಪು ಅವರದಲ್ಲ, ಮೊದಲೇ ತಿಳಿಸಬೇಕಾಗಿದ್ದ ನಮ್ಮದು. ಆ ಋಣವನ್ನು ಇಲ್ಲಿ ತೀರಿಸಲೆಳಸುತ್ತೇವೆ.

ಟಾರ್ಚಿನ ಬಲ್ಬಿನೊಳಗಿನ ತಂತಿಯು ಕಾದಂತೆಲ್ಲ ಅದರ ರೋಧವು ಹೆಚ್ಚಿ, ಪ್ರವಾಹವನ್ನು ತಾನೇ ತಡೆಯುವುದು. ಡಯೋಡಿನ ಸ್ವಭಾವವು ಇದಕ್ಕೆ ವಿರುದ್ಧವಾದುದು. ವೋಲ್ಟೇಜು ತುಸುವೇ ಏರಿದರೂ ಪ್ರವಾಹವು ಹಲವು ಮಡಿ ಏರುವುದು. ಬಿಸಿಯಾದರೆ ಅದೇ ವೋಲ್ಟೇಜಿನಲ್ಲಿ ಇನ್ನೂ ಹೆಚ್ಚು ಹರಿಯುವುದು. ಆಗ ಅತಿಯಾದ ಬೆಳಕೇ ಡಯೋಡಿನ ಕನ್ನಡಿಯಂಥ ತುದಿಯನ್ನು ಕೆಡಿಸಿಬಿಡುವುದು. ಆದುದರಿಂದ ನಾವು ಹಿಡಿತದಲ್ಲಿಡಬೇಕಾದುದು ವೋಲ್ಟೇಜನ್ನಲ್ಲ, ಪ್ರವಾಹವನ್ನು. ಕೆರೆಯಲ್ಲಿ ನೀರೆಷ್ಟಿದ್ದರೂ ತೂಬಿನಿಂದ ಗದ್ದೆಗೆ ಬೇಕಾದಷ್ಟನ್ನೇ ಬಿಡುವಂತೆ, ನಿಯಂತ್ರಕ ಮಂಡಲವು ಪ್ರವಾಹವನ್ನು ಅಳೆಯುತ್ತ, ಹೆಚ್ಚಿದರೆ ತಗ್ಗಿಸಿ, ತಗ್ಗಿದರೆ ಹೆಚ್ಚಿಸುವುದು. ಬ್ಯಾಟರಿಗೂ ಡಯೋಡಿಗೂ ನಡುವೆ ತಕ್ಕ ರೋಧಕವೊಂದನ್ನು ಇಡುವುದು ಇದರ ಸರಳ ರೂಪ.

ಇನ್ನು ಬೆಳಕಿಗೆ ಮಾತು ಕಲಿಸುವ ಬಗೆ. ಪ್ರತಿ ಲೇಸರ್ ಡಯೋಡಿಗೂ ಹೊಸ್ತಿಲಿನಂಥ ಒಂದು ಪ್ರವಾಹದ ಗಡಿಯುಂಟು. ಅದು 20 ಮಿಲಿಆಂಪಿಯರ್ ಎಂದಿಟ್ಟುಕೊಳ್ಳೋಣ. ಅದಕ್ಕಿಂತ ಕಡಿಮೆಯಾದರೆ ಮಂದವಾದ ಸಾಮಾನ್ಯ ಬೆಳಕು ಮಾತ್ರ. ಗಡಿ ದಾಟಿದೊಡನೆ ಲೇಸರ್ ಕಿರಣ. ಪ್ರವಾಹವನ್ನು 30ರಲ್ಲಿ ನೆಲೆಗೊಳಿಸಿ, ಧ್ವನಿಗೆ ಅನುಸಾರವಾಗಿ 25ಕ್ಕೂ 35ಕ್ಕೂ ನಡುವೆ ಏರಿಳಿಸಿದರೆ ಬೆಳಕೂ ಹಾಗೆಯೇ ಏರಿಳಿಯುವುದು. ಎದುರಿನ ಫೋಟೋಡಯೋಡು ಅದನ್ನು ಮರಳಿ ವಿದ್ಯುತ್ತಾಗಿಸಲು, ಧ್ವನಿವರ್ಧಕದಲ್ಲಿ ಮಾತು ಕೇಳಿಸುವುದು. ಪ್ರವಾಹವು ಗಡಿಯಿಂದ ಕೆಳಗಿಳಿದರೆ ಮಾತು ಒಡೆಯುವುದು. ಮೇಲಿನ ಮಿತಿಯನ್ನು ಮೀರಿದರೆ ಡಯೋಡೇ ಹಾಳಾಗುವುದು.

1962ರಲ್ಲಿ ಅಮೆರಿಕದ ರಾಬರ್ಟ್ ಹಾಲ್ ಮತ್ತು ಅವರ ಸಂಗಡಿಗರು ನಿರ್ಮಿಸಿದ ಲೇಸರ್ ಡಯೋಡು ಕಡುಶೀತದಲ್ಲಿ, ಕ್ಷಣಿಕವಾದ ಪ್ರವಾಹದ ಮಿಡಿತಗಳಿಂದ ಮಾತ್ರ ಬೆಳಗುತ್ತಿತ್ತು. 1970ರಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವಂಥದು ಸಿದ್ಧವಾಯಿತು. ಇಂದು ಗಾಜಿನ ಎಳೆಗಳಲ್ಲಿ ಊರಿಂದೂರಿಗೆ ಸಾಗುವ ದೂರವಾಣಿಯ ಮಾತಿಗೂ ಲೇಸರ್ ಡಯೋಡೇ ಆಧಾರ.

ಮಕ್ಕಳೇ, ಈ ವರ್ಷ ರೋಧಕವನ್ನಿಟ್ಟು ಮತ್ತೆ ಪ್ರಯತ್ನಿಸೋಣ. ಆದರೆ ಕಿರಣವನ್ನು ಯಾರ ಕಣ್ಣಿಗೂ ಹಿಡಿಯಕೂಡದು. ಮನೆಯಲ್ಲಿ ಆಟಿಕೆಯೆಂದು ಲೇಸರ್ ದೀಪ ಕೊಡಿಸುವ ತಂದೆತಾಯಿಗಳೂ ಇದನ್ನು ನೆನಪಿಡಬೇಕೆಂದು ಪ್ರಾರ್ಥಿಸುತ್ತೇವೆ. ಹೋದ ಡಯೋಡಿಗೆ ಬದಲು ಇನ್ನೊಂದನ್ನು ತರಬಹುದು. ಹೋದ ದೃಷ್ಟಿಯನ್ನು ತರಲಾಗದು.